ಮಲ್ಲಕ್ಕ ತೆಗೆದ ನೆದರು

ಆ ವಿಡಿಯೋದಲ್ಲಿ ಕೇಳುವುದು ಒಂದೇ ದನಿ. ಅದು ಸೋಮನಾಥನದು. ಅವನು ಆಗ ಮನೆಯಲ್ಲಿ ಇರಲಿಲ್ಲ.

ಮನೆ ಇರುವುದು ಮುಂಬಯಿಯ ಮಲಾಡಿನ ಒಂದು ಸೊಸೈಟಿಯ ಒಂಬತ್ತನೆಯ ಮಹಡಿಯಲ್ಲಿ. ಊಟದ ಟೇಬಲ್ಲಿನ ಮೇಲೆ, ಛಾವಣಿಯ ಮೂಲೆಯಲ್ಲಿ, ಕೋಳಿಮೊಟ್ಟೆಯಷ್ಟು ಒಂದು ಕ್ಯಾಮೆರಾ. ಸೋಮನಾಥ ಬ್ಯಾಂಕಿನಲ್ಲಿ ತನ್ನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಮನೆ ನೋಡುತ್ತಾನೆ. ಬೇಕೆನಿಸಿದರೆ ಅಲ್ಲಿಂದಲೇ ಗದರಿಸುತ್ತಾನೆ. ಅದಕ್ಕೊಂದು ಸ್ಪೀಕರಿದೆ. ಕೂಸು ನೋಡಿಕೊಳ್ಳುವ ಹೆಂಗಸಿನ ಮೇಲೆ ಒಂದು ಕಣ್ಣಿರಲಿ ಎಂದು ಹಾಕಿಸಿದ್ದು. ಹೆಂಗಸಿನ ಹೆಸರು ಮಲ್ಲಕ್ಕ. ಕೂಸಿನ ಹೆಸರು ಯಕ್ಷಿತಾ, ಇನ್ನೂ ಎರಡು ತುಂಬಿಲ್ಲ.

ವಿಡಿಯೋದಲ್ಲಿ ಕಾಣುವುದು ಮಲ್ಲಕ್ಕನ ಬೆನ್ನು. ಅವಳೆದುರು ಎತ್ತರದ ಕುರ್ಚಿಯಲ್ಲಿ ಕೂಸು. ಪಕ್ಕದಲ್ಲಿ ಮುಚ್ಚಳ ತೆಗೆದ ಪಾತ್ರೆ, ಅದರಲ್ಲಿ ಬೇಳೆ ಅನ್ನ. ಮಲ್ಲಕ್ಕನ ಬಲಗೈ ಕೂಸಿನ ಮುಖದ ಸುತ್ತ ಸುತ್ತುತ್ತದೆ. ಆಮೇಲೆ ಅವಳ ತಲೆ ಮುಂದಕ್ಕೆ ಬಾಗುತ್ತದೆ. ಭುಜ ಜಿಗಿಯುತ್ತದೆ. ಒಮ್ಮೆ, ಮತ್ತೊಮ್ಮೆ, ಮಗದೊಮ್ಮೆ. ಉಗುಳಿದಳು ಎಂಬುದರಲ್ಲಿ ಅನುಮಾನವಿಲ್ಲ. ಆಗ ಛಾವಣಿಯಿಂದ ಸೋಮನಾಥ ಕೂಗುತ್ತಾನೆ: "ಏಯ್! ಕ್ಯಾ ಕರ್ ರಹೀ ಹೈ? ಮಲ್ಲಕ್ಕಾ! ಸುನಾಯೀ ನಹೀಂ ದೇತಾ?"

ಅವಳಿಗೆ ಕೇಳಿಸಿದೆ. ಬೆನ್ನು ಬೆಚ್ಚಿದ್ದು ಕಾಣುತ್ತದೆ. ಆದರೂ ತಿರುಗುವುದಿಲ್ಲ, ಉತ್ತರ ಕೊಡುವುದಿಲ್ಲ. ಮುಷ್ಟಿ ಬಿಗಿಹಿಡಿದು ಅಡುಗೆಮನೆಯತ್ತ ನಡೆದುಬಿಡುತ್ತಾಳೆ. ಅಲ್ಲಿಗೆ ವಿಡಿಯೋ ಮುಗಿಯಿತು.

ಕ್ಯಾಮೆರಾದ ಕಣ್ಣು ಅಡುಗೆಮನೆಗೆ ಹಾಯುವುದಿಲ್ಲ. ಮುಷ್ಟಿಯಲ್ಲಿ ಉಪ್ಪು ಮತ್ತು ಒಣಮೆಣಸಿನಕಾಯಿ ಇತ್ತು. ಹಿಂದಿನ ದಿನ ಬೊರಿವಲಿಯಲ್ಲಿ ಮದುವೆ. ಕೂಸು ಹತ್ತಾರು ಕೈ ದಾಟಿ ಬಂದಿತ್ತು. ಬೆಳಗಿನಿಂದ ತುತ್ತು ಮುಟ್ಟಿರಲಿಲ್ಲ. ನಾವು ನೀವು ದೃಷ್ಟಿ ಎನ್ನುವುದಕ್ಕೆ ಮಲ್ಲಕ್ಕನ ಸಿಂದಗಿ ಸೀಮೆಯಲ್ಲಿ ನೆದರು ಎನ್ನುತ್ತಾರೆ. ಅವಳು ನೆದರು ತೆಗೆದಳು. ಸುತ್ತಿದಳು, ಮುಷ್ಟಿಗೆ ಥೂ ಎಂದಳು, ಗ್ಯಾಸಿನ ಉರಿಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ. ಅಂದರೆ ನೆದರು ದೊಡ್ಡದೇ ಇತ್ತು.

ನೆದರು ತೆಗೆಯುವವರು ಅದನ್ನು ಬೆಂಕಿಗೆ ಹಾಕಿ ಕೈಕಾಲು ತೊಳೆಯುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ತೆಗೆದದ್ದೆಲ್ಲ ತಿರುಗಿ ಕೂಸಿಗೇ ಬಡಿಯುತ್ತದೆ. ಬಾಗಿಲಲ್ಲಿ ಕಳ್ಳ ನಿಂತರೂ ಸುಮ್ಮನಿರಬೇಕು, ಛಾವಣಿಯಲ್ಲಿ ಯಜಮಾನ ಕೂಗಿದರೂ ಸುಮ್ಮನಿರಬೇಕು. ಮಲ್ಲಕ್ಕ ಕೈಕಾಲು ತೊಳೆದು, ಸೆರಗಿಗೆ ಒರೆಸಿಕೊಂಡು, ಕ್ಯಾಮೆರಾದ ಕೆಳಗೆ ಬಂದು ಮೇಲೆ ನೋಡಿ, "ಏನ್ರೀ ಸಾಹೇಬ್ರ, ಕರದ್ರಿ?" ಎಂದಳು.

ಸಾಹೇಬರು ಆಗ ಬೇರೆ ಕೆಲಸದಲ್ಲಿದ್ದರು. ವಿಡಿಯೋವನ್ನು ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದರು. 'ನಮ್ಮ ಮಕ್ಕಳನ್ನು ಯಾರ ಕೈಗೆ ಕೊಟ್ಟಿದ್ದೇವೆ ನೋಡಿ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು.

ಸೋಮನಾಥ ಬೆಳಗಾವಿಯವನು. ಅವನಿಗೂ ಸಣ್ಣವನಿದ್ದಾಗ ಯಾರೋ ತೆಗೆದೇ ಇರಬೇಕು. ಆಗ ಅವನು ಅಳುತ್ತಿದ್ದಿರಬೇಕು, ಕಣ್ಣು ಮುಚ್ಚಿದ್ದಿರಬೇಕು.

ಗುಂಪಿನಲ್ಲಿ ವಿಡಿಯೋದ ಓದು ಶುರುವಾಯಿತು. ನಾಲ್ಕನೆಯ ಮಹಡಿಯ ನಿವೃತ್ತರೊಬ್ಬರಿಗೆ ಅವಳು ಬೇಳೆಗೆ ಉಗುಳಿದ್ದು ಸ್ಪಷ್ಟವಾಗಿ ಕಂಡಿತು. ಯೋಗ ಕಲಿಸುವ ಹೆಂಗಸಿಗೆ ಮಾಟ ಕಂಡಿತು. ಒಬ್ಬಳು ಹುಡುಗಿ, ಮುದ್ದು ಮಾಡುತ್ತಿರಬಹುದಲ್ಲವೆ ಎಂದು ಕೇಳಿದಳು. ಮದುವೆಯಾಗಿ ಮಕ್ಕಳಾದ ಮೇಲೆ ಮಾತಾಡು ಎಂದರು. ಯಾರೋ ಕೆಲಸವಿಲ್ಲದವರು ಉಗುಳುವ ಜಾಗಕ್ಕೆ ಕೆಂಪು ವರ್ತುಲ ಬರೆದು, ಬಾಣದ ಗುರುತು ಹಾಕಿ, ನಿಧಾನಗತಿಯಲ್ಲಿ ಮತ್ತೆ ಕಳಿಸಿದರು. ಕೆಂಪು ವರ್ತುಲ ಬಿದ್ದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಕೂಗಿದರೂ ಉತ್ತರ ಕೊಡಲಿಲ್ಲವಲ್ಲ, ಅದೇ ಸಾಕ್ಷಿ ಎಂದು ಎಲ್ಲರೂ ಒಪ್ಪಿದರು.

ಸಂಜೆಗೆ ವಿಡಿಯೋ ಗೇಟು ದಾಟಿತು. ಒಂದು ಗುಂಪಿನಲ್ಲಿ ಮಲ್ಲಕ್ಕ ಬಾಂಗ್ಲಾದೇಶದವಳಾದಳು. ಇನ್ನೊಂದರಲ್ಲಿ ಅವಳಿಗೆ ಬೇರೆ ಧರ್ಮ ಬಂತು. ಠಾಣೆ ಶಹರದ ಗುಂಪುಗಳಲ್ಲಿ ಅವಳು ಹೋಟೆಲಿನ ಅಡುಗೆಯವಳು. ಮರುದಿನ ಒಂದು ಹಿಂದಿ ಚಾನೆಲ್ಲು ಅದಕ್ಕೆ ನಗಾರಿ ಸದ್ದು ಕೂಡಿಸಿ ತೋರಿಸಿತು. ಎಂಜಲಿನಿಂದ ಬರುವ ರೋಗಗಳನ್ನು ವಿವರಿಸಲು ಒಬ್ಬ ಡಾಕ್ಟರು ಕೂತಿದ್ದರು. ಎಲ್ಲ ಕಡೆಯೂ ಮಲ್ಲಕ್ಕನ ಬೆನ್ನು, ಕೂಸಿನ ಮುಖ.

ಮಲ್ಲಕ್ಕ ಇರುವ ಕುರಾರದ ಚಾಳಿನಲ್ಲೂ ಅದೇ ವಿಡಿಯೋ ನೋಡಿದರು. ಪಕ್ಕದ ಖೋಲಿಯ ಶಿವಕುಮಾರಿ ಅದೇ ಸೊಸೈಟಿಯಲ್ಲಿ ಭಾಂಡೆ ತಿಕ್ಕುವವಳು. ಅವಳ ಫೋನಿನ ಸುತ್ತ ಹೆಂಗಸರೆಲ್ಲ ಕೂತರು.

"ನೆದರ ತಗ್ಯಾಕತ್ತಾಳ. ಇದ್ರಾಗ ನೋಡೂದೇನೈತಿ?" ಎಂದಳು ಒಬ್ಬಳು.

"ಕೈ ಉಲ್ಟಾ ತಿರಿವ್ಯಾಳ ನೋಡ. ಮೊದಲ ಬಲಕ್ಕ ತಿರವಬೇಕು, ಆಮ್ಯಾಲ ಎಡಕ್ಕ," ಎಂದು ಮುದುಕಿಯೊಬ್ಬಳು ತಪ್ಪು ಹಿಡಿದಳು.

"ಬಿಡಬೇ ಮುದುಕಿ, ಅಕಿ ಕೆಲಸಾ ಹೋಗೂ ಹೊತ್ನ್ಯಾಗ ನೀ ಸಾಲಿ ಕಲಸಬ್ಯಾಡ."

ಮಲ್ಲಕ್ಕನ ಗಂಡ ಸಾಯಬಣ್ಣ ಬಿಲ್ಡಿಂಗ್ ಕೆಲಸದಿಂದ ಬಂದು ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. "ಟೀವ್ಯಾಗ ಬರಾಕಿ ಹೊಸ ಸೀರಿ ಉಟಗೊಂಡರ ಹೋಗಬಾರದೇನ?" ಎಂದ. ಹೆಂಗಸರು ನಕ್ಕರು. ಮಲ್ಲಕ್ಕನೂ ನಕ್ಕಳು. ನಗು ಬಾಯಿಯಲ್ಲಿ ಬಂತು, ಅಲ್ಲೇ ಹೋಯಿತು.

ಅವಳಿಗೆ ಹೆದರಿಕೆ ಇರಲಿಲ್ಲ. ಇದು ನೆದರು ಎಂದು ಶುಭಾಂಗಿ ವೈನಿ ಎಲ್ಲರಿಗೂ ಹೇಳುತ್ತಾಳೆ ಎಂದುಕೊಂಡಿದ್ದಳು. ಶುಭಾಂಗಿ ಸೋಮನಾಥನ ಹೆಂಡತಿ, ಧಾರವಾಡದ ಮಗಳು. ಅಡುಗೆಮನೆಯಲ್ಲಿ ಮಲ್ಲಕ್ಕನ ಜೊತೆ ಕನ್ನಡದಲ್ಲೇ ಹರಟುವವಳು. ಅವಳಿಗೆ ನೆದರು ಗೊತ್ತು. ಕಳೆದ ದೀಪಾವಳಿಗೆ ಅವಳ ತಾಯಿ ಬಂದಾಗ ಅದೇ ಟೇಬಲ್ಲಿನ ಹತ್ತಿರ, ಅದೇ ಕೂಸಿಗೆ, ಹೀಗೇ ತೆಗೆದಿದ್ದರು. ಹೀಗೇ ಥೂ ಎಂದಿದ್ದರು. ಉಪ್ಪು ತಂದುಕೊಟ್ಟವಳು ಮಲ್ಲಕ್ಕ. ಅದೇ ಕ್ಯಾಮೆರಾ ಅದನ್ನೂ ಹಿಡಿದಿತ್ತು. ಸೋಮನಾಥ ಅದನ್ನೂ ಗುಂಪಿಗೆ ಹಾಕಿದ್ದ, ಆದರೆ ಮನೆಯವರ ಗುಂಪಿಗೆ. 'ಅಜ್ಜಿಯ ಪ್ರೀತಿ' ಎಂದು ಬರೆದು ಕೆಂಪು ಹೃದಯ ಅಂಟಿಸಿದ್ದ. ಆಗ ಯಾರಿಗೂ ಎಂಜಲು ಕಂಡಿರಲಿಲ್ಲ.

ಸೊಸೈಟಿಯ ಆಫೀಸು ಜನರೇಟರಿನ ಪಕ್ಕದ ಕೋಣೆ. ಮಲ್ಲಕ್ಕನನ್ನು ಕರೆಸಿದರು. ಸೆಕ್ರೆಟರಿ ಮನೀಶ್, ಸೋಮನಾಥ, ಶುಭಾಂಗಿ, ಇನ್ನೂ ಕೆಲವರು ಕುರ್ಚಿಯಲ್ಲಿ. ಮಲ್ಲಕ್ಕ ನಿಂತಳು. ನಿಂತೇ ಇರುವುದು ಅಲ್ಲಿ ಅವಳಿಗೆ ರೂಢಿ. ಅವಳ ಕೈ ಆ ಮನೆಯ ಕೂಸಿನ ಹೇಲು ಬಳಿಯಬಹುದು. ದೇವರ ಕೋಣೆಯ ಚಿಲಕ ಮುಟ್ಟುವಂತಿಲ್ಲ. ಅವಳ ಚಹಾದ ಕಪ್ಪು ಇರುವುದು ಸಿಂಕಿನ ಕೆಳಗೆ, ಫಿನಾಯಿಲಿನ ಪಕ್ಕ. ಅವಳು ಹತ್ತುವ ಲಿಫ್ಟು ಕಸದ ಡಬ್ಬಿ ಹತ್ತುವ ಲಿಫ್ಟು. ಜಾತಿ ಕೇಳಿ ಕೆಲಸ ಕೊಟ್ಟಿರಲಿಲ್ಲ. ಕೆಲಸ ಕೊಟ್ಟ ಮೇಲೆ ಕೇಳಿದ್ದರು, ಕಪ್ಪು ಎಲ್ಲಿಡಬೇಕೆಂದು ತಿಳಿಯಲು.

ಮನೀಶ್ ಒಳ್ಳೆಯವನು. ಪೊಲೀಸರ ತನಕ ಹೋಗುವುದು ಬೇಡ ಎಂದು ಅವನೇ ಎಲ್ಲರನ್ನೂ ಒಪ್ಪಿಸಿದ್ದ. ಫೋನು ಎತ್ತಿ ಹಿಡಿದು ಹಿಂದಿಯಲ್ಲಿ ಹೇಳಿದ: ಇದರೆದುರು ಮಾತಾಡು. ತಪ್ಪಾಯಿತು ಎನ್ನು. ಇನ್ನು ಮೇಲೆ ಉಗುಳುವುದಿಲ್ಲ ಎನ್ನು. ಜನಕ್ಕೆ ಸಮಾಧಾನವಾಗುತ್ತದೆ. ಈ ಮನೆಗಂತೂ ಬೇಡ, ಬೇರೆ ಮನೆಗಳಿಗೆ ಬಿಡುತ್ತೇವೆ.

ಮಲ್ಲಕ್ಕ ಶುಭಾಂಗಿಯ ಕಡೆ ತಿರುಗಿದಳು.

"ವೈನಿ, ನೀವರ ಹೇಳ್ರಿ. ದೀಪಾವಳಿಗಿ ನಿಮ್ಮವ್ವಾರು ಅಲ್ಲೇ ನಿಂತು ತೆಗದ್ರಲ್ಲ? ಉಪ್ಪ ನಾನ ತಂದ ಕೊಟ್ಟಿದ್ನಿ."

ಶುಭಾಂಗಿ ಗಂಡನ ಮುಖ ನೋಡಿದಳು. ಗಂಡ ಫೋನು ನೋಡಿದ.

"ಕ್ಯಾ ಬೋಲ್ ರಹೀ ಹೈ?" ಎಂದು ಮನೀಶ್ ಕೇಳಿದ.

"ಕುಛ್ ನಹೀಂ," ಎಂದ ಸೋಮನಾಥ.

ಶುಭಾಂಗಿ ನೆಲ ನೋಡುತ್ತ ಹೇಳಿದಳು, "ಪತಾ ನಹೀಂ ಭೈಯಾ. ಇನ್ ಲೋಗೋಂ ಮೇ ಐಸಾ ಕುಛ್ ಹೋತಾ ಹೋಗಾ." ಈ ಜನರಲ್ಲಿ ಹಾಗೇನೋ ಇರಬೇಕು, ನನಗೆ ಗೊತ್ತಿಲ್ಲ. ದಿನವೂ ಅಡುಗೆಮನೆಯಲ್ಲಿ ಕೇಳಿಸುತ್ತಿದ್ದ ಕನ್ನಡ ಅಂದು ಆಫೀಸಿನ ತನಕ ಬರಲಿಲ್ಲ.

ಮಲ್ಲಕ್ಕ ಅವಳನ್ನು ನೋಡುತ್ತ ನಿಂತಳು. ಎದೆಯಲ್ಲಿ ಏನಾದರೂ ಒಡೆಯಬೇಕಿತ್ತು. ಒಡೆಯಲಿಲ್ಲ. ಕಾಲು ಮರಗಟ್ಟಿದಾಗ ಚಿವುಟಿದರೆ ಹೇಗೋ ಹಾಗೆ.

"ಬೋಲ್, ಬೋಲ್. ಚಾಲೂ ಹೈ," ಎಂದ ಮನೀಶ್.

"ಗಲ್ತೀ ನಹೀಂ ಕಿಯಾ. ನಹೀಂ ಬೋಲೂಂಗೀ," ತಪ್ಪು ಮಾಡಿಲ್ಲ, ಹೇಳುವುದಿಲ್ಲ ಎಂದಳು.

ಆಮೇಲೆ ಬಾಯಿ ಮುಚ್ಚಿದಳು. ಮನೀಶ್ ಮತ್ತೆ ಹೇಳಿದ. ಯೋಗ ಕಲಿಸುವವಳು ಹೇಳಿದಳು. ನಾಲ್ಕನೆಯ ಮಹಡಿಯವರು ಹೇಳಿದರು. ಫೋನು ಓಡುತ್ತಿತ್ತು. ಮಲ್ಲಕ್ಕ ಅದರ ಗಾಜಿನೊಳಗೆ ನೋಡುತ್ತ ನಿಂತೇ ಇದ್ದಳು. ಕೊನೆಗೆ ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಅದನ್ನೂ ಗುಂಪಿಗೆ ಹಾಕಿದರು. ಸುಮ್ಮನೆ ನಿಂತ ಹೆಂಗಸಿನ ಮುಖದಲ್ಲಿ ಒಬ್ಬರಿಗೆ ಪಶ್ಚಾತ್ತಾಪ ಕಂಡಿತು. ಇನ್ನೊಬ್ಬರಿಗೆ ಸೊಕ್ಕು. ಮತ್ತೊಬ್ಬರಿಗೆ ಹಿಂದೆ ಯಾವುದೋ ಸಂಘಟನೆಯ ಕೈವಾಡ. ಮರುದಿನ ಬೆಳಿಗ್ಗೆ, ಕೆಲಸದವರ ಮುಖ ಗುರುತಿಸಿ ಒಳಬಿಡುವ ಗೇಟಿನ ಯಂತ್ರ ಅವಳ ಮುಖ ಕಂಡು ಕೆಂಪು ದೀಪ ಹಾಕಿತು. ಆ ಯಂತ್ರಕ್ಕೆ ಅಕ್ಕಪಕ್ಕದ ಸೊಸೈಟಿಗಳಲ್ಲೆಲ್ಲ ನೆಂಟರಿದ್ದಾರೆ. ಎಲ್ಲಿ ಹೋದರೂ ಕೆಂಪು ದೀಪ. ವಾಚಮನ್ ಬಿಹಾರದ ಮುದುಕ. "ಜಾ ಬೇಟೀ, ಮಶೀನ್ ನಹೀಂ ಮಾನ್ ರಹೀ," ಹೋಗು ಮಗಳೇ, ಮಶೀನು ಒಪ್ಪುತ್ತಿಲ್ಲ ಎಂದ.

ಶಿವಕುಮಾರಿ ಬಿಡಲಿಲ್ಲ. "ಮಾಟುಂಗಾದಾಗ ನಮ್ಮ ಮಂದೀದ ಸಂಘ ಐತಿ. ಶಂಕ್ರೆಪ್ಪ ಸಾವಕಾರ್ರು ಕಾರ್ಯದರ್ಶಿ. ವಿಜಾಪುರದವ್ರ. ಅವರ ಕಡೆಯಿಂದ ಒಂದ ಮಾತು ಹೇಳಸಿದ್ರ ಗೇಟ ತೆಗೀತಾರ," ಎಂದು ರವಿವಾರ ಅವಳನ್ನು ಲೋಕಲ್ಲಿಗೆ ಹತ್ತಿಸಿದಳು. ಶಂಕ್ರೆಪ್ಪನವರಿಗೆ ಬಟ್ಟೆ ವ್ಯಾಪಾರ. ಕನ್ನಡದ ಕೆಲಸವೆಂದರೆ ಪ್ರಾಣ. ಅಂದೇ ಬನ್ನಿ ಎಂದು ಅವರೇ ಹೇಳಿದ್ದರು. ಅಂದು ಅಲ್ಲಿ ವಿಚಾರ ಸಂಕಿರಣ ಇರುವುದನ್ನು ಹೇಳುವುದು ಮರೆತಿದ್ದರು.

ಬ್ಯಾನರಿನಲ್ಲಿ 'ಮಾಧ್ಯಮ: ಸಂದೇಶ ಮತ್ತು ಗ್ರಹಿಕೆ' ಎಂದಿತ್ತು. ಊರ ಕಡೆಯಿಂದ ಬಂದ ಪ್ರಾಧ್ಯಾಪಕರು ಮಾತಾಡುತ್ತಿದ್ದರು. ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಫ್ಯಾನಿನ ಕೆಳಗಿನ ಜಾಗ, ಮೆತ್ತನೆಯ ಕುರ್ಚಿ. ಮಲ್ಲಕ್ಕ ಕೈ ತೊಡೆಯ ಮೇಲಿಟ್ಟುಕೊಂಡಳು.

"ಸಂದೇಶದಲ್ಲಿ ಅರ್ಥ ಎನ್ನುವುದು ತಯಾರಾಗಿ ಕೂತಿರುವುದಿಲ್ಲ," ಎಂದರು ಪ್ರಾಧ್ಯಾಪಕರು. "ಅದನ್ನು ಕಟ್ಟುವವನು ಪ್ರೇಕ್ಷಕ. ಕೆಲವರು ಕೊಟ್ಟದ್ದನ್ನು ಕೊಟ್ಟ ಹಾಗೆ ಒಪ್ಪುತ್ತಾರೆ. ಕೆಲವರು ಚೌಕಾಸಿ ಮಾಡುತ್ತಾರೆ. ಕೆಲವರು ತಿರಸ್ಕರಿಸುತ್ತಾರೆ. ತಾಜಾ ಉದಾಹರಣೆ ನೋಡೋಣ, ನಿಮ್ಮ ಮುಂಬಯಿಯದೇ."

ಪರದೆಯ ಮೇಲೆ ಮಲ್ಲಕ್ಕ ಬಂದಳು. ಬೆನ್ನು ಗೋಡೆಯಷ್ಟು ದೊಡ್ಡದಾಗಿತ್ತು. ಸೆರಗು ಹರಿದದ್ದು ಅವಳಿಗೆ ಈಗ ಕಂಡಿತು. ತಲೆಯ ನಡುವೆ ಕೂದಲು ಉದುರಿ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಮೇಲಿನಿಂದ ನೋಡಿದರೆ ನಾನು ಇಷ್ಟು ಗಿಡ್ಡ ಇದ್ದೇನೆಯೇ ಎಂದುಕೊಂಡಳು. ಛಾವಣಿಯಿಂದ ಸೋಮನಾಥ ಕೂಗಿದ. ಸಭೆಯಲ್ಲಿ ಒಂದಿಬ್ಬರು ನಕ್ಕರು.

ಪ್ರಾಧ್ಯಾಪಕರು ಸರಿಯಾಗಿಯೇ ಹೇಳಿದರು. ಇದು ದೃಷ್ಟಿ ತೆಗೆಯುವ ಜನಪದ ಆಚರಣೆ ಇರಬಹುದು, ಆದರೆ ವರ್ಗ ಮತ್ತು ಜಾತಿಯ ಕನ್ನಡಕ ಹಾಕಿದವರಿಗೆ ಉಗುಳು ಮಾತ್ರ ಕಂಡಿದೆ ಎಂದರು. ಶಿವಕುಮಾರಿ ಮಲ್ಲಕ್ಕನ ತೊಡೆ ಹಿಂಡಿದಳು: "ಕೇಳಿದ್ಯಾ? ಗೊತ್ತೈತಿ ಇವರಿಗೆ!" ಆಮೇಲೆ ಪ್ರಶ್ನೋತ್ತರ. ಕಂಡದ್ದು ನಿಜವೋ, ಕಾಣುವುದು ನಿಜವೋ ಎಂದು ಒಬ್ಬರು ಕೇಳಿದರು. ಪ್ರಾಧ್ಯಾಪಕರು ಬಹಳ ಒಳ್ಳೆಯ ಪ್ರಶ್ನೆ ಎಂದರು. ಈ ಹೆಂಗಸು ಈಗ ಎಲ್ಲಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಅದು ವಿಷಯದ ಹೊರಗಿನದು.

ಊಟವಾದ ಮೇಲೆ ಶಂಕ್ರೆಪ್ಪನವರು ಸಿಕ್ಕರು. ಬಾಯಲ್ಲಿ ಎಲೆಯಡಿಕೆ. "ನೋಡವ್ವಾ, ನಿನ್ನ ಮ್ಯಾಲ ನಮಗ ಪೂರ್ತಿ ಸಹಾನುಭೂತಿ ಅದ. ಆದ್ರ ಸೋಮನಾಥರೂ ನಮ್ಮ ಆಜೀವ ಸದಸ್ಯರು. ಕನ್ನಡದವ್ರು ಕನ್ನಡದವ್ರ ಮ್ಯಾಲ ಹೋದ್ರ ಈ ಊರಾಗ ನಗತಾರ. ಹೊಟ್ಟಿ ತುಂಬ ಉಂಡ್ರಿಲ್ಲೋ?"

"ಉಂಡ್ವಿರಿ," ಎಂದಳು ಮಲ್ಲಕ್ಕ.

ಲೋಕಲ್ಲಿನಲ್ಲಿ ಶಿವಕುಮಾರಿ ಬೈಯುತ್ತಲೇ ಇದ್ದಳು. ಮಲ್ಲಕ್ಕ ಹೂಂಗುಟ್ಟಿದಳು. ಸ್ಟೇಷನ್ನುಗಳು ಬಂದವು, ಹೋದವು.

ಸೋಮವಾರದಿಂದ ಅವಳು ಗಂಡನ ಜೊತೆ ನಾಕಾದಲ್ಲಿ ನಿಂತಳು. ಕೂಲಿಗೆ ಜನ ಬೇಕಾದವರು ಅಲ್ಲಿಗೇ ಬಂದು ಆರಿಸಿಕೊಂಡು ಹೋಗುತ್ತಾರೆ. ತೋಳು ನೋಡುತ್ತಾರೆ, ಸೊಂಟ ನೋಡುತ್ತಾರೆ. ಮುಖ ನೋಡುವುದಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯ ಜಾಗ. ಕಾಂದಿವಲಿಯಲ್ಲಿ ಏಳುತ್ತಿದ್ದ ಟವರಿನಲ್ಲಿ ಕೆಲಸ ಸಿಕ್ಕಿತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಕಲಸಿದ ಸಿಮೆಂಟಿನ ಬುಟ್ಟಿ. ಏಣಿ ಹತ್ತುವುದು, ಇಳಿಯುವುದು. ವರ್ಷಗಟ್ಟಲೆ ಮಂದಿಯ ಕೂಸುಗಳನ್ನು ಎತ್ತಿದ ಸೊಂಟ ಭಾರ ಹೊತ್ತು ಸೆಟೆದುಕೊಂಡಿತು. ಕುತ್ತಿಗೆಯ ನರ ಬಿಗಿದು ತಲೆ ತಿರುಗಿಸಲು ಬಾರದಾಯಿತು. ಸಿಮೆಂಟು ಬೆರಳ ಸಂದಿಯ ಚರ್ಮ ತಿಂದಿತು. ಖಾರದ ಪಲ್ಯ ಕಲಸಿದರೆ ಉರಿಯಬೇಕಾದ ಗಾಯ ಉರಿಯುತ್ತಿರಲಿಲ್ಲ. ರಾತ್ರಿ ಮಲಗಿದರೆ ಕಲ್ಲು. ಕನಸು ಬೀಳುತ್ತಿರಲಿಲ್ಲ.

ಹಾಗಿರುವಾಗ ಒಂದು ಸಂಜೆ ಕೆಲಸದಿಂದ ಬಂದು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಚಾಳಿನ ಬಾಯಿಗೆ ರಿಕ್ಷಾ ನಿಂತಿತು. ಶುಭಾಂಗಿ ಇಳಿದಳು. ಹೆಗಲ ಮೇಲೆ ಯಕ್ಷಿತಾ, ಕೈಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ. ಗಟಾರ ದಾಟಲು ಹಾಕಿದ್ದ ಹಲಗೆಯ ಮೇಲೆ ಸೀರೆ ಎತ್ತಿ ಹಿಡಿದು ಬಂದಳು. ಇಷ್ಟು ದಿನದಲ್ಲಿ ಅವಳು ಈ ಗಲ್ಲಿಗೆ ಕಾಲಿಟ್ಟದ್ದು ಇದೇ ಮೊದಲು. ಹೆಂಗಸರು ಕೊಡ ಕೆಳಗಿಟ್ಟು ನೋಡಿದರು.

"ಮಲ್ಲಕ್ಕಾ," ಎಂದಳು. ಕನ್ನಡ ತಿರುಗಿ ಬಂದಿತ್ತು. "ಕೂಸು ಏನೂ ತಿನ್ನವಲ್ತು ನೋಡ. ರಾತ್ರೆಲ್ಲಾ ಚಿಟ್ಟನ ಚೀರತದ. ಡಾಕ್ಟರ್ ಏನೂ ಇಲ್ಲ ಅಂದ್ರು. ನಮ್ಮವ್ವ ಫೋನ್‌ನಾಗ ಬೈದ್ಲು. ಆ ವಿಡಿಯೋದಾಗ ಕೂಸಿನ ಮಾರಿ ಅದ ಅಲ್ಲ? ಲಕ್ಷಗಟ್ಲೆ ಮಂದಿ ಕಣ್ಣ ಬಿದ್ದಾವ ಇದರ ಮ್ಯಾಲ."

ಮಲ್ಲಕ್ಕ ಕೈ ತೊಳೆಯುವುದು ನಿಲ್ಲಿಸಲಿಲ್ಲ.

"ಯಾರ ಕೈಗೆ ಹೊಂದ್ಯದೋ ಅವ್ರ ತೆಗದ್ರ ಹೋಗತದಂತ. ಉಪ್ಪು, ಮೆಣಸಿನಕಾಯಿ ತಂದೀನಿ. ಇಲ್ಲೇ ತೆಗದ ಬಿಡ. ಇಲ್ಲಿ ಯಾರೂ ನೋಡಂಗಿಲ್ಲ."

ಸುತ್ತ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಾವು ಯಾರೂ ಅಲ್ಲ ಎಂಬುದು ಅವರಿಗೆ ತಿಳಿದ ವಿಷಯವೇ. ಹೀಗೆ ಎದುರಿಗೇ ಹೇಳಿದವರು ಕಡಿಮೆ.

ಕೂಸಿಗೆ ಮಲ್ಲಕ್ಕನ ಗುರುತು ಹತ್ತಿತೋ ಏನೋ, "ಮಾಕ್ಕಾ, ಮಾಕ್ಕಾ" ಎಂದು ಕೈ ಚಾಚಿತು. ಮಲ್ಲಕ್ಕ ನಲ್ಲಿ ಬಂದ್ ಮಾಡಿದಳು.

"ತೆಗೀತೀನಿ ವೈನಿ. ಅದಕ್ಕೇನೈತಿ? ನೀವು ಫೋನ ತೆಗೀರಿ."

"ಫೋನ್ ಯಾಕ?"

"ಚಾಲೂ ಮಾಡ್ರಿ. ನಿಮ್ಮ ಮಾರಿ ಕಾಣಂಗ ಹಿಡೀರಿ. ಇದು ನೆದರ ತೆಗಿಯೂದು, ನಮ್ಮವ್ವನೂ ಹಿಂಗ ತೆಗೀತಾಳ, ಆವತ್ತ ಮಲ್ಲಕ್ಕ ಮಾಡಿದ್ದೂ ಇದನ್ನ, ನನಗ ಮೊದಲ ಗೊತ್ತಿತ್ತು ಅನ್ರಿ. ಅಂದು ನಿಮ್ಮ ಗುಂಪಿಗೆ ಹಾಕ್ರಿ. ಆಮ್ಯಾಲ ಕೂಸಿನ ಕೊಡ್ರಿ."

"ಮಲ್ಲಕ್ಕಾ, ಕೂಸಿನ ಮುಂದ ಇಟಗೊಂಡು ಹಟಾ ಮಾಡತೀ? ನೀನೂ ಹಡದಾಕಿ ಅಲ್ಲ?"

"ಹೌದ್ರಿ."

"ಮತ್ತ?"

ಶಿವಕುಮಾರಿ ನಡುವೆ ಬಾಯಿ ಹಾಕಿದಳು, "ಒಂದ ಮಾತು ಹೇಳಾಕ ಏನ ಆಗತೈತ್ರೀ ಬಾಯಾರ? ನಿಮ್ಮ ನಾಲಿಗಿ ಸವೀತೈತೇನ?"

ಶುಭಾಂಗಿ ಚೀಲದಿಂದ ಫೋನು ತೆಗೆದಳು. ಅದು ಅವಳ ಮುಖ ಕಂಡು ತಾನೇ ಬೆಳಗಿತು. ಅವಳು ಪರದೆ ನೋಡಿದಳು, ಗಲ್ಲಿ ನೋಡಿದಳು, ಕೂಸಿನ ತಲೆ ನೇವರಿಸಿದಳು. ತುಟಿ ಒಮ್ಮೆ ಅಲುಗಿತು. ಮಾತು ಅಲ್ಲೇ ತುದಿಗೆ ಬಂದದ್ದು ಎಲ್ಲರಿಗೂ ಕಂಡಿತು.

"ಇವರನ್ನ ಒಂದ ಮಾತ ಕೇಳತೀನಿ," ಎಂದಳು. "ಕೇಳಿ ನಾಳೆ ಬರತೀನಿ."

ಫೋನು ಚೀಲದೊಳಗೆ ಹೋಯಿತು. ಸ್ಟೀಲ್ ಡಬ್ಬಿಯೂ ಹೋಯಿತು. ಶುಭಾಂಗಿ ಹಲಗೆ ದಾಟಿದಳು. ಕೂಸು ಹೆಗಲ ಮೇಲಿನಿಂದ ಹಿಂದಕ್ಕೆ ಬಾಗಿ ಚೀರತೊಡಗಿತು. ರಿಕ್ಷಾ ಶುರುವಾದರೂ ಆ ಚೀರು ಕೇಳುತ್ತಲೇ ಇತ್ತು.

ಮಲ್ಲಕ್ಕ ಆ ಕಡೆ ನೋಡಲಿಲ್ಲ. ನೋಡಿದ್ದರೆ ನೆದರು ತೆಗೆದುಬಿಡುತ್ತಿದ್ದಳು.